ನೇಕಾರರ ಕಾರಿನ ಟೈರು ಸಿಡಿದಾಗ

ನನಗೆ ಲೈಸೆನ್ಸು ಸಿಕ್ಕಿ ಮೂರು ತಿಂಗಳಾಗಿತ್ತು; ಜಂಭಪಡಲು ಅಷ್ಟೇ ಧಾರಾಳವಾಗಿತ್ತು. ಎಂಬತ್ತರ ದಶಕದ ನಡುಭಾಗ. ಗಣಪತಿ ಎಂಬ ಬಡಾವಣೆಯ ಪಂಪು ವರ್ಕ್‌ಶಾಪೊಂದರಲ್ಲಿ ಕೆಲಸ, ಮನೆಯ ಮುಂದೆ ಹಳೆಯ ಕಾರು. ಮುಂದಿನ ಎಡ ಟೈರು ಸವೆದಿದೆ ಎಂದು ಹೆಂಡತಿ ಎರಡು ಸಲ ಹೇಳಿದ್ದಳು. ಯಂತ್ರದ ವಿಷಯ ನನಗೆ ಹೇಳಿಕೊಡಬೇಡ ಎಂದು ಅವಳ ಬಾಯಿ ಮುಚ್ಚಿಸಿದ್ದೆ.

ಆ ಭಾನುವಾರ ಅಪ್ಪನನ್ನು ಅವನ ಊರು ನೆಗಮಂಗೆ ಬಿಡಲು ಹೊರಟೆವು. ಅಪ್ಪ ಜೀವಮಾನವಿಡೀ ಮಗ್ಗದಲ್ಲಿ ಕೂತವನು, ಸ್ಟಿಯರಿಂಗ್ ಮುಟ್ಟಿದವನಲ್ಲ. ಅವನು ನನ್ನ ಪಕ್ಕದಲ್ಲಿ. ಹಿಂದೆ ಹೆಂಡತಿ, ಮೂರು ಮಕ್ಕಳು, ಒಂದು ಡಬ್ಬಿ ಮುರುಕು. ದಾರಿಯಲ್ಲಿ ಕಿಣತ್ತುಕಡವು ಊರು ದಾಟಿದ ಮೇಲೆ ರಸ್ತೆ ಖಾಲಿ ಕಂಡಿತು, ನಾನೂ ಸ್ವಲ್ಪ ಜೋರಾಗಿ ಬಿಟ್ಟೆ.

ಢಬ್ ಎಂದಿತು. ಕಾರು ಎಡಕ್ಕೆ, ರಸ್ತೆಬದಿಯ ಹುಣಸೆಮರದ ಕಡೆಗೆ ಎಳೆಯಿತು. ಮಕ್ಕಳು ಕಿರುಚಿದರು. ನನ್ನ ಕಾಲು ಬ್ರೇಕಿನ ಮೇಲೆ ಹೋಯಿತು. ಬಲವಾಗಿ ಒತ್ತಿದ್ದರೆ ಕಾರು ಅಡ್ಡ ತಿರುಗಿ ಮಗುಚುತ್ತಿತ್ತು ಎಂದು ಆಮೇಲೆ ಮೆಕ್ಯಾನಿಕ್ ಹೇಳಿದ.

"ಕಾಲ್ ಎತ್ತು," ಅಂದ ಅಪ್ಪ. "ಕೈ ಬಿಡಬ್ಯಾಡ."

ದನಿ ಏರಿಸಲಿಲ್ಲ. ಚಿಕ್ಕಂದಿನಲ್ಲಿ ನಾನು ಮಗ್ಗದಲ್ಲಿ ಎಳೆ ಹರಿದುಕೊಂಡಾಗಲೆಲ್ಲ ಹೀಗೇ ಹೇಳುತ್ತಿದ್ದ. ಎಳೆ ಹರಿದರೆ ಮಗ್ಗದ ಪೆಡಲು ತುಳಿಯುವ ಕಾಲನ್ನು ಮೆಲ್ಲಗೆ ಎತ್ತಬೇಕು, ಕೈಯಲ್ಲಿರುವ, ನೂಲು ಬಡಿದು ಕೂರಿಸುವ ಹಣಿಗೆಯನ್ನು ಮಾತ್ರ ಬಿಡಬಾರದು. ಬಿಟ್ಟರೆ ಅದು ಬಡಿದು ಇನ್ನೂ ನಾಲ್ಕು ಎಳೆ ಹೋಗುತ್ತವೆ. ಬೆನ್ನಿಗೆ ಗುದ್ದು ತಿಂದು ಕಲಿತ ಪಾಠ. ತಲೆ ಯೋಚಿಸುವ ಮೊದಲೇ ಕಾಲು ಮೇಲೆದ್ದಿತು. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ನೇರಕ್ಕೆ ಹಿಡಿದೆ. ಕಾರು ಕುಂಟುತ್ತಾ ವೇಗ ಕಳೆದುಕೊಂಡು, ಮಣ್ಣಿಗಿಳಿದು ತಾನಾಗಿ ನಿಂತಿತು.

ಹೆಂಡತಿ ಮಕ್ಕಳನ್ನು ರಸ್ತೆಯಿಂದ ದೂರ ನೆರಳಿಗೆ ಕರೆದೊಯ್ದು ಒಬ್ಬೊಬ್ಬರ ತಲೆ, ಕೈಕಾಲು ಸವರಿ ನೋಡಿದಳು. ಯಾರಿಗೂ ಒಂದು ಗೀರೂ ಆಗಿರಲಿಲ್ಲ. ನನ್ನನ್ನು ಬೈಯಲಿಲ್ಲ, ಟೈರನ್ನೂ ನನ್ನನ್ನೂ ಒಂದು ಸಲ ನೋಡಿದಳು, ಅಷ್ಟೇ ಸಾಕಾಯಿತು. ಸ್ವಲ್ಪ ಹೊತ್ತಿಗೆ ಮಕ್ಕಳು ಮುರುಕು ತಿನ್ನುತ್ತಾ ಯಾರು ಹೆಚ್ಚು ಕಿರುಚಿದ್ದು ಎಂದು ಜಗಳಕ್ಕೆ ಬಿದ್ದರು. ಅದನ್ನು ಕೇಳುತ್ತಾ ಜಾಕಿ ಏರಿಸಿ ಸ್ಟೆಪ್ನಿ ಹಾಕಿದ ಆ ಅರ್ಧ ಗಂಟೆಯ ಸುಖ ನನಗೆ ಬೇರೆ ಯಾವ ಪ್ರಯಾಣದಲ್ಲೂ ಸಿಕ್ಕಿಲ್ಲ.

ಅಪ್ಪನಿಗೆ ನೀರು ಕೊಟ್ಟೆ. ಇಂಥ ಹೊತ್ತಿನಲ್ಲಿ ಬ್ರೇಕು ಒತ್ತಬಾರದು ಎಂದು ನಿನಗೆ ಯಾರು ಹೇಳಿಕೊಟ್ಟರು ಎಂದು ಕೇಳಿದೆ.

"ಕಾರು ನಂಗೇನು ಗೊತ್ತು, ಮಗಾ," ಅಂದ. "ನಂಗೆ ಗೊತ್ತಿರೋದು ಆ ಮಗ್ಗದ ಮಾತೊಂದೇ. ಅದ್ನೇ ಹೇಳ್ದೆ."