ಸುಶೀಲಮ್ಮ ಮೇಡಂ ಮತ್ತು ಗಂಡುನೊಣದ ಸೋಮಾರಿತನ

ಹಾಸನದ ಮಾರುಕಟ್ಟೆಯಲ್ಲಿ ಕೊಳೆತ ಬಾಳೆಹಣ್ಣನ್ನೇ ಆರಿಸಿ ಕೊಳ್ಳುತ್ತಿದ್ದ ಗಿರಾಕಿ ನಮ್ಮ ಪ್ರಾಣಿಶಾಸ್ತ್ರದ ಸುಶೀಲಮ್ಮ ಮೇಡಂ ಒಬ್ಬರೇ. ಲ್ಯಾಬಿನಲ್ಲಿ ಬಾಟಲಿ ಬಾಟಲಿ ಹಣ್ಣುನೊಣ ಸಾಕಿದ್ದರು. ಸ್ಟಾಫ್‌ರೂಮಿನಲ್ಲಿ ಯಾರ ಊಟದ ಡಬ್ಬಿ ತೆರೆದರೂ ಅವು ಹಾಜರು. ಯಾರಾದರೂ ಗೊಣಗಿದರೆ, "ನಮ್ ಮಕ್ಳು ಸಾ, ವಸಿ ತಿನ್ಕೊಳ್ಲಿ ಬುಡಿ" ಎನ್ನುತ್ತಿದ್ದರು.

ಪಾಠವೂ ಹಾಗೇ. "ಅಪ್ಪನಿಂದೊಂದು, ಅಮ್ಮನಿಂದೊಂದು ವರ್ಣತಂತು ಬತ್ತದೆ. ಹೆಣ್ಣುನೊಣ ಮೊಟ್ಟೆ ಕಟ್ಟೋವಾಗ ಎರಡರ ತುಂಡನ್ನೂ ಅದಲುಬದಲು ಮಾಡಿ ಹೊಸದು ಮಾಡ್ತಾಳೆ. ಗಂಡು? ಬಂದಿದ್ದನ್ನ ಅಂಗಂಗೇ ದಾಟಿಸ್ತಾನೆ, ಸೋಮಾರಿ!" ಎಂದು ಹಿಂದಿನ ಬೆಂಚಿನ ಹುಡುಗರನ್ನು ನೋಡುತ್ತಿದ್ದರು.

ಡಿಗ್ರಿ ಮುಗಿಯುವ ಹೊತ್ತಿಗೆ ನನಗೆ ಎಂ.ಎಸ್ಸಿ. ಹುಚ್ಚು, ಅಪ್ಪನಿಗೆ ನನ್ನ ಮದುವೆಯ ಹುಚ್ಚು. ಸಾಲಗಾಮೆಯ ನಮ್ಮ ಮನೆಗೆ ಚನ್ನರಾಯಪಟ್ಟಣದ ಕಡೆಯ ರೇಷ್ಮೆ ಬೆಳೆಗಾರರು ಹೆಣ್ಣು ನೋಡಲು ಬಂದರು. ನಾನು ಮೇಡಂ ಹತ್ತಿರ ಫೋನಿನಲ್ಲಿ ಅತ್ತಿದ್ದೆನಷ್ಟೇ, ಅವರು ಕರೆಯದೆಯೇ ಬಂದು, "ಇವ್ಳಿನ್ನೂ ಓದ್ಬೇಕು" ಎಂದು ಉಪ್ಪಿಟ್ಟಿಗೆ ಕೂತುಬಿಟ್ಟರು.

ಹುಡುಗನ ದೊಡ್ಡಪ್ಪ ಮೀಸೆ ತಿರುವಿದರು: "ನಮ್ ವಂಸದ ಗಂಡುಸ್ರು ತಾತನ ಕಾಲದಿಂದ ಒಂದೇ ತರ. ಬಂದೋಳೇ ಒಂದ್ಕೊಂಡ್ ಓಗ್ಬೇಕು."

"ನನ್ ಬಾಟ್ಲೀಲೂ ಅಂಥವ್ರೇ ಅವ್ರೆ ಬುಡಿ" ಎಂದು ಮೇಡಂ ಗಂಡುನೊಣದ ಕಥೆ ಬಿಚ್ಚಿದರು. ನಡುಮನೆಯೆಲ್ಲ ನಗು. ದೊಡ್ಡಪ್ಪನ ಮುಖ ಕಪ್ಪಿಟ್ಟಿತು. ಸಂಬಂಧ ಮುರಿಯಿತು ಎಂದು ನಾನು ಅಡುಗೆಮನೆಯಲ್ಲೇ ಕುಣಿದೆ.

ಆಗ ಹುಡುಗನ ಅಜ್ಜಿ ಬಾಯಿಬಿಟ್ಟರು: "ನಮ್ ರೇಸ್ಮೆ ಚಿಟ್ಟೇಲೂ ಅಂಗೇಯಾ ತಾಯಿ?"

ಹೌದು ಅಂದಿದ್ದರೆ ಅಲ್ಲಿ ಯಾರಿಗೆ ಗೊತ್ತಾಗುತ್ತಿತ್ತು! ಮೇಡಂ ಚಮಚ ಕೆಳಗಿಟ್ಟು, "ಇಲ್ಲ ಅಜ್ಜಿ, ಅದ್ರಲ್ಲಿ ಉಲ್ಟಾ. ಗಂಡೇ ಅದಲುಬದಲು ಮಾಡಿ ಬೆರೆಸ್ತದೆ, ಹೆಣ್ಣು ಬೆರೆಸಲ್ಲ" ಅಂದುಬಿಟ್ಟರು. ದೊಡ್ಡಪ್ಪ ತೊಡೆ ತಟ್ಟಿಕೊಂಡು ನಕ್ಕಿದ್ದೇ ನಕ್ಕಿದ್ದು. ನನಗೋ ಮೇಡಂ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

ಎಲ್ಲರೂ ಹೊರಟ ಮೇಲೆ ಅಪ್ಪ ನನ್ನನ್ನು ಜಗಲಿಗೆ ಕರೆದರು. "ಆವಮ್ಮ ಸೋಲ್ತೀನಿ ಅಂತ ಗೊತ್ತಿದ್ರೂ ಸುಳ್ಳೇಳ್ಲಿಲ್ಲ ಕಣ್ಮಗ. ಅಂಥೋರು ಓದು ಅಂದ್ರೆ ಓದ್ಬೇಕು. ಓಗು, ಮೈಸೂರ್ಗೆ ಸೇರ್ಕೊ."

ಹೊರಡುವ ದಿನ ಮೇಡಂ ಬಸ್‌ಸ್ಟ್ಯಾಂಡಿಗೆ ಬಂದಿದ್ದರು. ಕಿಟಕಿಯಲ್ಲಿ ಕೈ ತೂರಿಸಿ ನನ್ನ ಕೆನ್ನೆ ಹಿಂಡಿ, "ನನ್ ಪಾಠದಲ್ಲಿ ಒಂದ್ ತಪ್ಪಾದ್ರೂ ಹಿಡ್ಕೊಂಡ್ ಬಾ ಕಣೇ. ಇಲ್ದಿದ್ರೆ ಬರ್ಲೇಬೇಡ" ಅಂದರು. ಅದೇ ಕೊನೆಯ ಭೇಟಿ.

ಮೈಸೂರಿನಲ್ಲಿ ಆ ತಪ್ಪು ಸಿಕ್ಕಿತು. ಹಣ್ಣುನೊಣಗಳಲ್ಲೇ ಒಂದು ಜಾತಿಯಿದೆ, ಅದರಲ್ಲಿ ಗಂಡೂ ಬೆರೆಸುತ್ತಾನೆ! ಗೆದ್ದ ಹುಮ್ಮಸ್ಸಿನಲ್ಲಿ ತಕ್ಷಣ ಫೋನು ಹಚ್ಚಿದೆ. ಎತ್ತಿದವರು ಅವರ ತಂಗಿ.

"ಅಕ್ಕ ನೆನ್ನೆ ಓಗ್ಬುಟ್ಲು ಕಣವ್ವ" ಅಂದರು.

ಅಯ್ಯೋ ಮೇಡಂ, ನನ್ನ ಕೈಲಿ ಸೋಲೋದಕ್ಕಾದರೂ ಒಂದು ದಿನ ಇರಬೇಕಿತ್ತು ನೀವು.