ಆಯುಧಪೂಜೆಯ ದಿನ ಬಂದ ಕಾಣದ ರೈಲು

ನನ್ನನ್ನು ನೋಡಲು ಬಂದವರು ನನ್ನನ್ನು ನೋಡಿದ್ದು ರೈಲ್ವೆ ಗೇಟಿನ ಆಚೆ ನಿಂತು. ಬೇಗೂರಿನ ನನ್ನ ಅತ್ತೆ ಈ ಕತೆಯನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ಪ್ರತಿ ಸಲ ಹೇಳುವಾಗಲೂ ಅವತ್ತಿನ ಬಿಸಿಲು ಸ್ವಲ್ಪ ಏರುತ್ತದೆ, ಅವರು ನಿಂತ ಹೊತ್ತು ಸ್ವಲ್ಪ ಉದ್ದವಾಗುತ್ತದೆ. ಅದು ಇನ್ನಷ್ಟು ಬೆಳೆಯುವ ಮೊದಲು ನಡೆದದ್ದನ್ನು ನಾನೇ ಬರೆದಿಡುವುದು ವಾಸಿ.

ಅಪ್ಪ ರೈಲ್ವೆಯಲ್ಲಿ ಗೇಟ್‌ಮನ್. ಚಾಮರಾಜನಗರ ಇನ್ನೇನು ಬಂತು ಅನ್ನುವಾಗ ಹೊಲಗಳ ಮಧ್ಯೆ ಸಿಗುವ ಗೇಟು ಅವರದು; ಅದರ ಪಕ್ಕಕ್ಕೇ ನಮ್ಮ ಮನೆ. ಮೈಸೂರಿನಿಂದ ಬರುವ ರೈಲಿಗೆ ಚಾಮರಾಜನಗರವೇ ಕೊನೆ, ಮುಂದಕ್ಕೆ ಹಳಿಯಿಲ್ಲ. ದಿನಕ್ಕೆ ಬಂದುಹೋಗುವ ರೈಲುಗಳೂ ಕಮ್ಮಿ. ಆದರೂ ದೇಶದ ರೈಲೆಲ್ಲ ತನ್ನ ಕೈಮೇಲೇ ಓಡುತ್ತಿದೆ ಎಂಬ ಗತ್ತು ಅಪ್ಪನಿಗೆ. ಚಕ್ರ ತಿರುಗಿಸಿ ಗೇಟು ಎತ್ತುತ್ತಿದ್ದ ಕಾಲದಲ್ಲಿ ಆ ಗತ್ತಿಗೆ ಅರ್ಥವೂ ಇತ್ತು. ರೈಲು ದಾಟಿದ ಮೇಲೆ, ಬೇಕಾದವರು ನಿಂತಿದ್ದರೆ ಗೇಟು ತಕ್ಷಣ ಏಳುತ್ತಿತ್ತು. ಆಗದವರು ನಿಂತಿದ್ದರೆ ಅಪ್ಪ ಮೊದಲು ಒಂದು ಬೀಡಿ ಹಚ್ಚುತ್ತಿದ್ದರು.

ಆಮೇಲೆ ಸಿಗ್ನಲ್ಲು ಹೊಸದಾಯಿತು. ಕೈ ಇಳಿಸಿ ಎತ್ತುತ್ತಿದ್ದ ಹಳೆಯ ಕೈಮರ ಹೋಗಿ ಕೆಂಪು, ಹಸಿರು ದೀಪಗಳು ಬಂದವು. ಚಕ್ರ ಕಿತ್ತರು, ಬಟನ್ನು ಕೂರಿಸಿದರು. ಹಳಿಯ ಪಕ್ಕಕ್ಕೆ ಒಂದು ಬಿಳಿ ಡಬ್ಬಿ ಬಂತು. ಅದು ಮೇಲೆ ಹಾಯುವ ರೈಲಿನ ಗಾಲಿ ಎಣಿಸುತ್ತದಂತೆ. ಒಳಗೆ ಬಂದ ಗಾಲಿಗಳೆಲ್ಲ ಹೊರಗೆ ಹೋದವು ಎಂದು ಲೆಕ್ಕ ಸರಿಹೊಂದಿದರೆ ಮಾತ್ರ ಗೇಟಿನ ಬೀಗ ಬಿಡುತ್ತದಂತೆ. ಎಂಜಿನಿಯರು ಇಷ್ಟನ್ನೂ ವಿವರಿಸಿ ಹೋದ ಮೇಲೆ ಅಪ್ಪ ಅವ್ವನಿಗೆ, "ನನ್ ಕಣ್ಣಿಗಿಂತ ಡಬ್ಬಿ ಕಣ್ಣು ಚುರುಕಂತೆ ಕಣಮ್ಮಿ" ಎಂದು ಹೇಳಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆ ವರ್ಷದ ಆಯುಧಪೂಜೆಗೆ ಹೊಸ ಪೇಚು ಬಂತು. ಪ್ರತಿ ವರ್ಷ ಹಾರೆ, ಗುದ್ದಲಿ, ಮಚ್ಚು, ಸ್ಪ್ಯಾನರು ಎಲ್ಲವನ್ನೂ ತೊಳೆದು ಆ ಚಕ್ರದ ಬುಡಕ್ಕೆ ಒರಗಿಸಿ ಪೂಜೆ ಮಾಡುತ್ತಿದ್ದರು. ಈಗ ಚಕ್ರವಿಲ್ಲ. ಬಟನ್ನಿಗೆ ವಿಭೂತಿ ಬಳಿದರೆ ಸಾಲದು, ಅದಕ್ಕೆ ಬುಡವೂ ಇಲ್ಲ. ಅಪ್ಪ ತುಂಬಾ ಯೋಚಿಸಿ ಬಿಳಿ ಡಬ್ಬಿಯನ್ನು ಆರಿಸಿದರು.

ಅದೇ ದಿನ ನನ್ನನ್ನು ನೋಡಲು ಬೇಗೂರಿನಿಂದ ಬರುವವರಿದ್ದರು. ಹುಡುಗನದು ಹೆದ್ದಾರಿ ಪಕ್ಕದಲ್ಲಿ ಗ್ಯಾರೇಜು. ಬೆಳಿಗ್ಗೆಯೇ ಪೂಜೆ ಮುಗಿಸಿ ಬಾಗಿಲು ಹಾಕಿದರೆ ಅವನಿಗೆ ವರ್ಷಕ್ಕೆ ಬಿಡುವಿರುವುದು ಅದೊಂದೇ ದಿನ. ರಾಹುಕಾಲ ಹುಟ್ಟುವ ಮೊದಲು ನಮ್ಮ ಮನೆ ಹೊಗುತ್ತೇವೆ ಎಂದು ಹೇಳಿಕಳಿಸಿದ್ದರು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಆ ಹುಡುಗ ಬೇಕಿತ್ತು. ಹಿಂದೊಮ್ಮೆ ಗುಂಡ್ಲುಪೇಟೆಯಿಂದ ಬರುವಾಗ ನನ್ನ ಸ್ಕೂಟರು ಕೈಕೊಟ್ಟಾಗ ರಿಪೇರಿ ಮಾಡಿದ್ದವನು ಅವನೇ. ಸ್ಕೂಟರು ಆಮೇಲೆ ಚೆನ್ನಾಗಿಯೇ ಓಡುತ್ತಿತ್ತು. ಆದರೂ ನಾನು ಇನ್ನೆರಡು ಸಲ ತೋರಿಸಿಕೊಂಡು ಬಂದಿದ್ದೆ.

ಬೆಳಗಿನ ರೈಲಿಗೆ ಅಪ್ಪ ಗೇಟು ಹಾಕಿದರು. ರೈಲು ದಾಟಿ ಹೋಯಿತು. ಮುಂದಿನ ರೈಲಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಗೇಟು ಎತ್ತಿದರೆ ಜನ ನುಗ್ಗುತ್ತಾರೆ, ಮೊದಲು ಪೂಜೆ ಮುಗಿಸೋಣ ಎಂದು ಅಪ್ಪ ಡಬ್ಬಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದರು, ಸೇವಂತಿಗೆ ಸುತ್ತಿದರು, ಆಯುಧಗಳನ್ನೆಲ್ಲ ಅದಕ್ಕೆ ಒರಗಿಸಿದರು, ಮಂಗಳಾರತಿ ಎತ್ತಿದರು. ಕೈಮುಗಿದು ಬಂದು ಬಟನ್ನು ಒತ್ತಿದರೆ ಗೇಟು ಏಳಲಿಲ್ಲ. ಮತ್ತೆ ಒತ್ತಿದರು. ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಅಷ್ಟರಲ್ಲಿ ಬಾಳೆಕಂದು ಕಟ್ಟಿಕೊಂಡ ಒಂದು ಜೀಪು ಗೇಟಿನ ಆಚೆ ಬಂದು ನಿಂತಿತು. ಹುಡುಗ, ಅವನ ತಾಯಿ, ಸೋದರಮಾವ ಇಳಿದರು.

"ಎತ್ರಪ್ಪಾ ಗೇಟ," ಎಂದರು ಸೋದರಮಾವ. "ರಾಹುಕಾಲ ಬತ್ತಾ ಅದೆ."

"ಆಗಕಿಲ್ಲ ಸ್ವಾಮಿ. ರೈಲದೆ."

ಸೋದರಮಾವ ಎಡಕ್ಕೂ ಬಲಕ್ಕೂ ನೋಡಿದರು. ಹಳಿಯ ಮೇಲೆ ಒಂದು ಕಾಗೆ ಇತ್ತು. "ಎಲ್ಲದೆ ರೈಲು?"

"ಡಬ್ಬಿ ಲೆಕ್ಕದಲ್ಲದೆ."

ಗೇಟಿನ ಕೆಳಗೆ ನುಸುಳಿ ಬರುತ್ತೇವೆ ಎಂದರು. ಕೆಂಪು ದೀಪ ಇರುವಾಗ ಬೀಗರಾದರೂ ಸರಿ, ದೇವರಾದರೂ ಸರಿ, ನುಸುಳುವ ಹಾಗಿಲ್ಲ ಎಂದು ಅಪ್ಪ ಅಡ್ಡ ನಿಂತರು. ಅವ್ವ ಒಳಗೆ ಕೇಸರಿಬಾತಿನ ಸೌಟು ಹಿಡಿದುಕೊಂಡೇ ಅತ್ತಳು.

ಅಪ್ಪ ಸ್ಟೇಷನ್ನಿಗೆ ಫೋನು ಹಚ್ಚಿದರು. ಸಿಗ್ನಲ್ಲಿನವರು ಆ ಕಡೆಯಿಂದ ಕೇಳಿದ್ದು ನಮಗೂ ಕೇಳಿಸಿತು: "ಡಬ್ಬಿ ಹತ್ತಿರ ಕಬ್ಬಿಣ ಏನಾದ್ರೂ ಇಟ್ಟಿದ್ದೀರಾ?"

"ಕಬ್ಬಿಣ ಯಾಕೆ ಮಡಗ್ಲಿ ಸ್ವಾಮಿ? ಪೂಜೆಗೆ ಆಯುಧ ಮಡಗಿವ್ನಿ, ಅಷ್ಟೆಯ."

ಆಮೇಲೆ ತಿಳಿದದ್ದು ಇಷ್ಟು: ಹತ್ತಿರ ಬಂದ ಕಬ್ಬಿಣವನ್ನೆಲ್ಲ ಡಬ್ಬಿ ಗಾಲಿ ಎಂದೇ ಎಣಿಸಿದೆ. ಅದರ ಪಾಲಿಗೆ ನಮ್ಮ ಮನೆ ಹಾರೆ, ಗುದ್ದಲಿ, ಮಚ್ಚು ಸೇರಿ ಒಂದು ರೈಲು. ಅವನ್ನು ಮೊದಲು ತೆಗೆಯಬೇಕು, ತಾವು ಬಂದು ನೋಡಿ ಲೆಕ್ಕ ಅಳಿಸುತ್ತೇವೆ ಎಂದರು.

"ತೆಗಿಯದಾ?" ಎಂದ ಅಪ್ಪನ ಮುಖ ಇಳಿದುಹೋಯಿತು. ನಮ್ಮ ಕಡೆ ಪೂಜೆಗಿಟ್ಟ ಆಯುಧವನ್ನು ಮರುದಿನ ವಿಜಯದಶಮಿಗೆ ಕೈಮುಗಿದು ಕದಲಿಸುವವರೆಗೆ ಮುಟ್ಟುವ ಹಾಗಿಲ್ಲ. ಗೇಟಿನ ಆಚೆಯಿಂದ ಹುಡುಗನ ತಾಯಿ ಕೂಗಿದರು: "ಮುಟ್‌ಬ್ಯಾಡಿ ಕಣಣ್ಣ! ನಾವೂ ಆಯುಧ ನಂಬ್ಕಂಡು ಬದುಕೋರು. ಒಳ್ಳೆ ಕೆಲಸಕ್ಕೆ ಬಂದಿವಿ, ಶುಭ ಅಲ್ಲ."

ಮುಟ್ಟಿದರೆ ಅಶುಭ, ಮುಟ್ಟದಿದ್ದರೆ ರಾಹುಕಾಲ. ಸೋದರಮಾವ ಜೀಪಿನ ಬಾಗಿಲು ತೆಗೆದು, "ನಡೀರಿ ಓಗನ" ಎಂದರು. ಹುಡುಗ ಒಂದು ಕಾಲು ಜೀಪಿನಲ್ಲಿಟ್ಟು ನಮ್ಮ ಮನೆಯ ಕಡೆಗೇ ನೋಡುತ್ತಿದ್ದ. ಅಪ್ಪ ಮುಗಿದ ಕೈಯಲ್ಲೇ ಕಂಬದ ಹಾಗೆ ನಿಂತಿದ್ದರು.

ನನಗೆ ಸಿಟ್ಟು ಬಂತು. ಹೋಗುವ ಸಂಬಂಧ ಹೇಗೂ ಹೋಗುತ್ತದೆ, ಒಂದು ಹಾರೆಗೆ ಹೆದರಿ ಹೋಗುವುದು ಬೇಡ ಅನ್ನಿಸಿತು. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಳಿಯ ಪಕ್ಕಕ್ಕೆ ಹೋದೆ. ಕರ್ಪೂರ ಹಚ್ಚಿ, "ತಪ್ಪಾಯ್ತು ಸ್ವಾಮಿ, ನಾಳೆ ಬೆಳಿಗ್ಗೆ ವಾಪಸ್ ಮಡಗ್ತೀನಿ" ಎಂದು ಜೋರಾಗಿಯೇ ಹೇಳಿ ಹಾರೆ ಎತ್ತಿ ಹೆಗಲಿಗೆ ಹಾಕಿಕೊಂಡೆ. ಗುದ್ದಲಿ, ಮಚ್ಚುಗಳನ್ನು ಕಂಕುಳಿಗೆ ಸೇರಿಸಿದೆ. ಹೆಣ್ಣು ನೋಡಲು ಬಂದವರಿಗೆ ಕಾಫಿ ತಟ್ಟೆ ಹಿಡಿದು ಬರಬೇಕಾದವಳು ಹಾಗೆ ನಡೆದು ಬಂದೆ.

ಹುಡುಗ ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಗುತ್ತಿದ್ದ. ಅವನ ತಾಯಿ ನಗಲಿಲ್ಲ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸ್ಪ್ಯಾನರ್ ಬುಟ್ಬುಟ್ಟಲ್ಲಮ್ಮಿ" ಎಂದರು. ತಿರುಗಿ ಹೋಗಿ ಅದನ್ನೂ ತಂದೆ. ಆಗ ಅವರು ತಮ್ಮನಿಗೆ, "ರಾಹುಕಾಲ ಮನೆ ಒಳಿಕ್ ಓಗೋರ್ಗೆ ಕಣ್ಲಾ. ನಾವ್ ಇಲ್ಲೇ ನೋಡ್ಬುಟ್ಟೋ. ಬುಡು, ಆಯ್ತು" ಎಂದರು.

ಸಿಗ್ನಲ್ಲಿನವರು ಬೈಕಿನಲ್ಲಿ ಬಂದು, ಡಬ್ಬಿಯ ವಿಭೂತಿ ಒರೆಸಿ, ಅಪ್ಪನಿಗೆ ಕಿವಿ ತುಂಬ ಬೈದು, ಸ್ಟೇಷನ್ನಿನವರ ಜೊತೆ ಮಾತಾಡಿ ಲೆಕ್ಕ ಅಳಿಸಿದರು. ಗೇಟು ಎದ್ದಿತು. ಸಿಗ್ನಲ್ಲಿನವರೂ ಕೇಸರಿಬಾತು ತಿಂದೇ ಹೋದರು.

ಅಪ್ಪ ಈಗ ನಿವೃತ್ತರು. ಆಯುಧಪೂಜೆಗೆ ಬೇಗೂರಿಗೆ ಬಂದು ಗ್ಯಾರೇಜಿನ ಮುಂದೆ ಕೂರುತ್ತಾರೆ. ಹೋದ ವರ್ಷ ಅತ್ತೆ ಮತ್ತೆ ಆ ಕತೆ ತೆಗೆದಾಗ, ಡಬ್ಬಿಯ ಲೆಕ್ಕ ಅವತ್ತು ತಪ್ಪಿತ್ತಲ್ಲಪ್ಪ ಎಂದು ನಾನು ಕೆಣಕಿದೆ. ಹೊಸ ಸಿಗ್ನಲ್ಲನ್ನು ಬೈಯಲು ಅವಕಾಶ ಸಿಕ್ಕಿದರೆ ಅಪ್ಪ ಬಿಡುವವರಲ್ಲ. ಆದರೆ ಈ ಸಲ ಬೈಯಲಿಲ್ಲ. ಹೂವಿನ ಹಾರ ಹಾಕಿ ನಿಲ್ಲಿಸಿದ್ದ ಜೀಪನ್ನು ನೋಡುತ್ತಾ ಹೇಳಿದರು:

"ಇಲ್ಲ ಕಣಮ್ಮಿ, ಸರಿಯಾಗೇ ಇತ್ತು. ರೈಲು ಬಂದಿತ್ತಲ್ಲ, ನಿನ್ನ ಕರ್ಕಂಡೋಗಕೆ."