ಕಾಕು ನಿಂತಾಗ ನಾನು ಕೂತಿದ್ದು

ಸ್ಪೀಕರ್ ಎದ್ದು ನಿಂತರೆ ಉಳಿದವರೆಲ್ಲ ಬಾಯಿ ಮುಚ್ಚಿ ಕೂರಬೇಕು. ಲಂಡನ್ನಿನ ನಮ್ಮ ಭಾಗದ ನಗರಸಭೆ, ಅಂದರೆ ಬರೋ ಕೌನ್ಸಿಲ್‌ನ ನಿಯಮಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದೇ. ಧಾರವಾಡದ ಹೆಂಗಸೊಬ್ಬಳು ಒಂದು ಮಾತೂ ಆಡದೆ, ಬರೀ ಎದ್ದು ನಿಂತು, ಕೂಗಾಡುವ ಕೌನ್ಸಿಲರುಗಳನ್ನು ತಣ್ಣಗಾಗಿಸುವುದೆಂದರೆ ಸಣ್ಣ ಸುಖವಲ್ಲ. ಎರಡು ಸಾವಿರದ ದಶಕದಲ್ಲಿ ಒಂದು ವರ್ಷ ಆ ಕುರ್ಚಿ ನನ್ನದಾಗಿತ್ತು. ಸಭೆ ನಡೆಸಬೇಕು, ಯಾರ ಪಕ್ಷವನ್ನೂ ವಹಿಸಬಾರದು. ಮತ ಸಮಸಮವಾದರೆ ಮಾತ್ರ ನಿರ್ಧಾರ ನನ್ನದು.

ಆ ಸಂಜೆ ಚರ್ಚೆಗೆ ಬಂದದ್ದು ವಯಸ್ಸಾದವರ ಡೇ ಸೆಂಟರ್ ಮುಚ್ಚುವ ಪ್ರಸ್ತಾವ. ನಮ್ಮ ಬೀದಿಯ, ನಮ್ಮೂರ ಕಡೆಯ ಮುದುಕಿ, ನಾನು ಕಾಕು (ಚಿಕ್ಕಮ್ಮ) ಎಂದು ಕರೆಯುತ್ತಿದ್ದವರು, ದಿನಾ ಹೋಗುತ್ತಿದ್ದದ್ದು ಅಲ್ಲಿಗೇ. ಮಗ, ಸೊಸೆ ಕೆಲಸಕ್ಕೆ ಹೊರಟರೆ ಮನೆಯಲ್ಲಿ ಅವರೊಬ್ಬರೇ. ಸೆಂಟರ್‌ನಲ್ಲಿ ಗುಜರಾತಿ, ಐರಿಶ್ ಮುದುಕಿಯರ ಜೊತೆ ಊಟ, ಇಸ್ಪೀಟು, ಜಗಳ. ಅದು ಹೋದರೆ ಅವರ ಪಾಲಿಗೆ ಉಳಿಯುವುದು ಟಿವಿ, ಕಿಟಕಿ ಅಷ್ಟೇ. ತೊಂಬತ್ತರ ದಶಕದಲ್ಲಿ, ನಾನು ಈ ದೇಶಕ್ಕೆ ಹೊಸಬಳಾಗಿದ್ದಾಗ, ನನ್ನ ಬಾಣಂತನ ಮಾಡಿದವರು ಅವರು. ಪರಿಚಯದವರು ಎಂದು ಕೌನ್ಸಿಲ್‌ಗೆ ಮೊದಲೇ ತಿಳಿಸಿದ್ದೆ, ಅಡ್ಡಿಯಿಲ್ಲ ಅಂದಿದ್ದರು.

ಸಾರ್ವಜನಿಕರಿಗೆ ಮೂರು ನಿಮಿಷ. ಕಾಕುವಿನ ಸರದಿ ಬಂತು. ಕೋಲೂರಿಕೊಂಡು ಮೈಕಿನ ಹತ್ತಿರ ಬಂದು ನಿಂತರು. ಹಿರಿಯರು ನಿಂತಿದ್ದಾರೆ ಎಂದು ಕಂಡದ್ದೇ ತಡ, ನಾನೂ ಎದ್ದು ನಿಂತುಬಿಟ್ಟೆ.

ಕಾಕು ತೆರೆದ ಬಾಯಿ ಮುಚ್ಚಿ, ಪಕ್ಕದ ಕುರ್ಚಿಯಲ್ಲಿ ಕೂತರು. ನಿಯಮವನ್ನೆಲ್ಲ ಜೊತೆಗೆ ಬಂದಿದ್ದ ಮೊಮ್ಮಗಳು ಚೆನ್ನಾಗಿಯೇ ಹೇಳಿಕೊಟ್ಟಿದ್ದಳು. ಮುದುಕಿಗೆ ಮಾತಾಡಲು ಬಿಡಲಿಲ್ಲ ಎಂದುಕೊಂಡು ಗ್ಯಾಲರಿಯಲ್ಲಿ ಯಾರೋ "ಶೇಮ್!" ಎಂದು ಕೂಗಿದರು. ಮೂರು ನಿಮಿಷ ಮುಗಿಯುತ್ತ ಬಂತೆಂದು ಮೈಕಿನ ಹಸಿರು ದೀಪ ಹಳದಿಯಾಗುವ ಹೊತ್ತು ಬಂದಿತ್ತು. ಪಕ್ಕದಲ್ಲಿದ್ದ ಸಭೆಯ ಗುಮಾಸ್ತ ಬಗ್ಗಿ, "ಮೇಡಂ ಸ್ಪೀಕರ್, ನೀವು ನಿಂತಿದ್ದೀರಿ," ಎಂದು ಪಿಸುಗುಟ್ಟಿದ. ಗೊತ್ತಿಲ್ಲವೇ ನನಗೆ! ಸಮಯ ಮೊದಲಿನಿಂದ ಎಣಿಸಿ ಎಂದು ಹೇಳಿ ಕೂತೆ.

ಕಾಕು ಮತ್ತೆ ಎದ್ದರು. ನನ್ನ ಮಂಡಿಗಳೂ ಮತ್ತೆ ಏಳಹೊರಟವು. ಅದನ್ನು ನೋಡಿದ ಕಾಕು ಮೈಕಿನಲ್ಲೇ ಗದರಿದರು: "ನೀ ಕೂಡವಾ ಸುಮ್ನ. ನೀ ಕೂತ್ರನ ನಂಗ ಮಾತಾಡ್ಲಿಕ್ಕೆ ಬರತದ."

"ಏನಂದರು?" ಗುಮಾಸ್ತ ಕೇಳಿದ.

"ನನಗೆ ಆರ್ಡರ್," ಎಂದೆ.

ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದು ಕೂತೆ. ಅವರು ತಮ್ಮ ಹರಕುಮುರುಕು ಇಂಗ್ಲಿಷಿನಲ್ಲಿ, ಕೋಲಿನ ಮೇಲೆ ಭಾರ ಹಾಕಿ ಮಾತಾಡುತ್ತಿದ್ದರೆ ಅವರೆದುರು ಕೂತೇ ಇದ್ದೇನಲ್ಲ ಎಂದು ನನಗೆ ನಾಚಿಕೆಯಾಗುತ್ತಿತ್ತು. ಅಷ್ಟು ಉದ್ದದ ಮೂರು ನಿಮಿಷಗಳನ್ನು ನಾನು ಕಂಡಿಲ್ಲ.

ಮತ ಸಮಸಮವಾಯಿತು. ಎಲ್ಲರ ಕಣ್ಣು ನನ್ನ ಮೇಲೆ. ಆಗಲೇ ಎದ್ದು ನಿಂತವಳು ಈಗ ಯಾರ ಕಡೆ ಎಂದು ಕೆಲವರು ಗೊಣಗತೊಡಗಿದ್ದರು. ಸಮವಾದಾಗ ಇದ್ದದ್ದನ್ನು ಇದ್ದಂತೆಯೇ ಉಳಿಸುವುದು ಆ ಕುರ್ಚಿಯ ಹಳೆಯ ರೂಢಿ. ಈ ಸಲ ಬೇಕೆಂದೇ ಎದ್ದು ನಿಂತೆ. ಗೊಣಗಾಟ ನಿಂತಿತು. ಮುಚ್ಚುವುದರ ವಿರುದ್ಧ ನನ್ನ ಮತ ಎಂದೆ.

ಹೊರಗೆ ಬಸ್‌ಸ್ಟಾಪಿನ ಬೆಂಚಿನ ಮೇಲೆ ಕಾಕು ಮೊಮ್ಮಗಳೊಡನೆ ಕೂತಿದ್ದರು. ಹೋಗಿ ಎದುರಿಗೆ ನಿಂತೆ.

"ಹಾಂ," ಅಂದರು ಕಾಕು, ಮೊಣಕಾಲು ಒತ್ತಿಕೊಳ್ಳುತ್ತ. "ಈಗ ನಿಂದ್ರು."